ಬೆನ್ನುಹುರಿ, ಮಿದುಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ಮಾರಾಟದ ಪ್ಯಾಕೇಜು ಎಷ್ಟು ನಂಬಲರ್ಹ, ಪ್ರಯೋಗಗಳು ಎಲ್ಲಿಗೆ ಬಂದಿವೆ

ಬೆನ್ನುಹುರಿಗೆ ಪೆಟ್ಟಾದವರಿಗೆ, ಲಕ್ವ ಹೊಡೆದವರಿಗೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಖಾಸಗಿ ಕ್ಲಿನಿಕ್‌ಗಳು ಮಾರುವ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಪ್ಯಾಕೇಜು ಯಾವ ದೇಶಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ತೆರ. ಕೆಲವು ದಿನ ಅಲ್ಲೇ ಉಳಿಯಬೇಕು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ, ಅದೇ ದಿನವೋ ಮರುದಿನವೋ ಬೆನ್ನಿಗೆ ಸೂಜಿ ಚುಚ್ಚಿ ಜೀವಕೋಶಗಳನ್ನು ಬಿಡುತ್ತಾರೆ, ಉಳಿದ ದಿನಗಳಲ್ಲಿ ಗಂಟೆಗಟ್ಟಲೆ ಫಿಸಿಯೋಥೆರಪಿ ಮಾಡಿಸುತ್ತಾರೆ, ಹೊರಡುವಾಗ ವ್ಯಾಯಾಮದ ಪಟ್ಟಿ ಕೊಟ್ಟು ಕಳಿಸುತ್ತಾರೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಇಷ್ಟರಲ್ಲಿ ಪರೀಕ್ಷೆಗೆ ನಿಂತು ಗೆದ್ದಿರುವುದು ಫಿಸಿಯೋಥೆರಪಿ ಒಂದೇ. ಸಿರಿಂಜಿನಲ್ಲಿರುವುದಕ್ಕೆ ಹಣ ಕೊಡಬೇಡಿ. ಹಾಗೆಂದು ಸ್ಟೆಮ್ ಸೆಲ್ ವಿಜ್ಞಾನವೇ ಪೊಳ್ಳು ಎನ್ನುವುದೂ ತಪ್ಪು. ನಿಜವಾದ ಕೆಲಸ ನೋಂದಣಿಯಾದ ಪ್ರಯೋಗಗಳಲ್ಲಿ ನಡೆಯುತ್ತಿದೆ, ಅಲ್ಲಿ ಬಳಸುವ ಕೋಶ ಬೇರೆ, ಪ್ರಮಾಣ ಬೇರೆ, ಕೊಡುವ ಸಮಯವೂ ಬೇರೆ. ಆ ವ್ಯತ್ಯಾಸ ಎಲ್ಲೆಲ್ಲಿದೆ ಎಂದು ಬಿಡಿಸಿ ನೋಡೋಣ.

ಸಿರಿಂಜಿನಲ್ಲಿ ಏನಿದೆ

ರೋಗಿಯನ್ನು ಮಗ್ಗುಲಾಗಿ ಇಲ್ಲವೇ ಬೋರಲಾಗಿ ಮಲಗಿಸಿ, ಸೊಂಟದ ಹಿಂಬದಿಯ ಮೂಳೆಯಂಚಿಗೆ ಸ್ಥಳೀಯ ಅರಿವಳಿಕೆ ಕೊಟ್ಟು, ದಪ್ಪ ಸೂಜಿಯಲ್ಲಿ ಸುಮಾರು 100 ಮಿಲೀ ಮಜ್ಜೆ ಎಳೆಯುತ್ತಾರೆ. ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಬೆರೆಸಿರುತ್ತಾರೆ. ಒಂದೇ ಜಾಗದಿಂದ ಒಂದೇ ಸಲಕ್ಕೆ ಜೋರಾಗಿ ಎಳೆದರೆ ಮೊದಲ ಕೆಲವು ಮಿಲೀ ಕಳೆದ ಮೇಲೆ ಬರುವುದು ಬಹುಪಾಲು ರಕ್ತವೇ. ಹಾಗಾಗಿ ಸೂಜಿಯ ಆಳ, ದಿಕ್ಕು ಬದಲಿಸುತ್ತ ಸ್ವಲ್ಪಸ್ವಲ್ಪವೇ ತೆಗೆಯಬೇಕು. ಆತುರದವರು ಹೀಗೆ ಮಾಡುವುದಿಲ್ಲ, ಕೋಶಗಳ ಸಂಖ್ಯೆ ಅಲ್ಲಿಯೇ ಕುಸಿಯುತ್ತದೆ.

ಆಮೇಲೆ ಆ ಮಜ್ಜೆಯನ್ನು 1.077 ಸಾಂದ್ರತೆಯ ದ್ರವದ ಮೇಲೆ ಮೆಲ್ಲಗೆ ಪದರವಾಗಿ ಸುರಿದು, ಸೆಂಟ್ರಿಫ್ಯೂಜಿನಲ್ಲಿ 400 ಜಿ ಬಲದಲ್ಲಿ, ಅಂದರೆ ಗುರುತ್ವದ 400 ಪಟ್ಟು ಬಲದಲ್ಲಿ, ಅರ್ಧ ಗಂಟೆಯಷ್ಟು ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕಿಳಿಯುತ್ತವೆ, ನಡುವೆ ಮಬ್ಬು ಬಿಳಿಯ ತೆಳು ಪಟ್ಟಿ ನಿಲ್ಲುತ್ತದೆ. ಆ ಪಟ್ಟಿಯನ್ನು ಹೀರಿ, ತೊಳೆದು, ಸಲೈನಿನಲ್ಲಿ ಕದಡಿದರೆ ಕ್ಲಿನಿಕ್ ಮಾರುವ ವಸ್ತು ತಯಾರು. ಅದರಲ್ಲಿರುವುದು ಲಿಂಫೋಸೈಟ್, ಮಾನೋಸೈಟ್ ಮತ್ತು ಇನ್ನೂ ಬಲಿಯದ ರಕ್ತಕೋಶಗಳ ಮಿಶ್ರಣ. ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ಮೆಸೆಂಕೈಮಲ್ ಸ್ಟೆಮ್ ಸೆಲ್ (ಮೂಳೆ, ಕೊಬ್ಬು, ಮೃದ್ವಸ್ಥಿಯ ಕೋಶವಾಗಬಲ್ಲದ್ದು) ಇದರಲ್ಲಿ ಇರುವುದು ಸುಮಾರು ಶೇ 0.001ರಿಂದ 0.01. ಲೆಕ್ಕ ಹಾಕಿ: 10 ಕೋಟಿ ಕೋಶ ಕೊಟ್ಟೆವು ಎಂದರೆ ಅದರಲ್ಲಿ ಮೆಸೆಂಕೈಮಲ್ ಕೋಶ 1,000ದಿಂದ 10,000. ಅಮೆರಿಕದ ಮೇಯೊ ಕ್ಲಿನಿಕ್ ತನ್ನ ಪ್ರಯೋಗದಲ್ಲಿ ಒಬ್ಬೊಬ್ಬರಿಗೆ ಕೊಟ್ಟದ್ದು 10 ಕೋಟಿ ಮೆಸೆಂಕೈಮಲ್ ಕೋಶ. ಕನಿಷ್ಠ 10,000 ಪಟ್ಟು ಅಂತರ. ಮೇಯೊ ಫಲಿತಾಂಶವನ್ನು ತೋರಿಸಿ ಅದೇ ದಿನದ ಮಜ್ಜೆ ಮಿಶ್ರಣ ಮಾರುವವರು ರೋಗಿಯನ್ನು ದಾರಿ ತಪ್ಪಿಸುತ್ತಿದ್ದಾರೆ, ಇದನ್ನು ಮೆತ್ತಗೆ ಹೇಳುವ ಅಗತ್ಯ ನಮಗೆ ಕಾಣುವುದಿಲ್ಲ.

ಇಷ್ಟು ದೊಡ್ಡ ಸಂಖ್ಯೆಗೆ ಏರಿಸಲು ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬೇಕು. ಅದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ವಾರ ಬೇಕು. ಬೆಳಿಗ್ಗೆ ಮಜ್ಜೆ ತೆಗೆದು ಸಂಜೆ ಚುಚ್ಚಿದರೆ ಬೆಳೆಸಿಲ್ಲ ಎಂದೇ ಅರ್ಥ, ಬೇರೆ ಪುರಾವೆ ಬೇಕಿಲ್ಲ. ಬೆಳೆಸಿದ ಕೋಶಕ್ಕೂ ಪರೀಕ್ಷೆಗಳಿವೆ. 2006ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾನದಂಡದಂತೆ ಸಿಡಿ73, ಸಿಡಿ90, ಸಿಡಿ105 ಎಂಬ ಮೇಲ್ಮೈ ಗುರುತುಗಳಿರುವ ಕೋಶ ಶೇ 95ಕ್ಕಿಂತ ಕಡಿಮೆಯಾಗಬಾರದು, ಸಿಡಿ45, ಸಿಡಿ34ರಂಥ ರಕ್ತಕೋಶದ ಗುರುತುಗಳಿರುವ ಕೋಶ ಶೇ 2ನ್ನು ಮೀರಬಾರದು. ಬದುಕಿರುವ ಕೋಶ ಕನಿಷ್ಠ ಶೇ 70 ಇರಬೇಕು. ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಕೋಪ್ಲಾಸ್ಮಾ ಇಲ್ಲವೆಂದು ತೋರಿಸಬೇಕು. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಕವಚದಿಂದ ಬರುವ ವಿಷ) ಮಿತಿಯನ್ನು ಹಲವರು ಗಮನಿಸುವುದೇ ಇಲ್ಲ: ರಕ್ತನಾಳಕ್ಕೆ ಕೊಡುವ ಔಷಧಿಗೆ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 5 ಘಟಕ, ಬೆನ್ನುಹುರಿ ದ್ರವಕ್ಕೆ ಕೊಡುವುದಕ್ಕೆ ಬರೀ 0.2 ಘಟಕ. ರಕ್ತಕ್ಕೆ ಸರಿ ಎನಿಸಿಕೊಂಡ ಬ್ಯಾಚು ಬೆನ್ನಿಗೆ ಸರಿಯಾಗಬೇಕೆಂದಿಲ್ಲ. ಹೊರಗಿನಿಂದ ಹೆಪ್ಪುಗಟ್ಟಿಸಿ ತರಿಸಿದ ಹೊಕ್ಕುಳಬಳ್ಳಿ ಕೋಶವಾದರೆ ಇನ್ನೊಂದು ತೊಡಕು: ಕರಗಿಸಿದ ಮೇಲೆ ಹೊತ್ತು ಕಳೆದಂತೆ ಕೋಶಗಳು ಸಾಯುತ್ತವೆ. ಆದ್ದರಿಂದ ಪ್ರಮಾಣಪತ್ರದಲ್ಲಿರುವ ಅಂಕಿ ಹೆಪ್ಪುಗಟ್ಟಿಸುವ ಮುಂಚಿನದೋ, ಕರಗಿಸಿದ ನಂತರದ್ದೋ ಎಂದು ಕೇಳಲೇಬೇಕು.

ಎಲ್ಲಿಗೆ ಕೊಡುತ್ತಾರೆ ಎನ್ನುವುದೂ ಅಷ್ಟೇ ಮುಖ್ಯ. ಕೈಯ ರಕ್ತನಾಳಕ್ಕೆ ಡ್ರಿಪ್ ಹಾಕಿದರೆ ಬೆಳೆಸಿದ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಕೋಶದ ಗಾತ್ರ 15ರಿಂದ 30 ಮೈಕ್ರಾನ್, ಅಲ್ಲಿನ ಲೋಮನಾಳದ ಅಗಲ 10 ಮೈಕ್ರಾನಿನ ಒಳಗೆ. ಬೆನ್ನುಹುರಿ ದ್ರವಕ್ಕೆ ಕೊಡುವಾಗ ಸೂಜಿ ಹೋಗುವುದು ಸೊಂಟದ ಬೆನ್ನುಮೂಳೆಗಳ ಎಲ್3–ಎಲ್4 ಅಥವಾ ಎಲ್4–ಎಲ್5 ಸಂದಿಯಲ್ಲಿ, ಏಕೆಂದರೆ ವಯಸ್ಕರಲ್ಲಿ ಬೆನ್ನುಹುರಿ ಎಲ್1–ಎಲ್2ರ ಮಟ್ಟದಲ್ಲೇ ಮುಗಿದಿರುತ್ತದೆ. ಒಟ್ಟು ದ್ರವ ಸುಮಾರು 150 ಮಿಲೀ, ದಿನಕ್ಕೆ ಹೊಸದಾಗಿ ಹುಟ್ಟುವುದು 500 ಮಿಲೀ. ಅಂದರೆ ದಿನಕ್ಕೆ ಮೂರು ನಾಲ್ಕು ಬಾರಿ ಎಲ್ಲ ದ್ರವವೂ ಬದಲಾಗುತ್ತದೆ. ಅಲ್ಲಿ ಬಿಟ್ಟ ಕೋಶ ಕುತ್ತಿಗೆಯ ಹತ್ತಿರದ ಗಾಯಕ್ಕೆ ತಾನಾಗಿ ಹೋಗಿ ನೆಲೆಸುತ್ತದೆ ಎಂಬ ಮಾತಿಗೆ ಆಧಾರ ದುರ್ಬಲ. ಮೆಸೆಂಕೈಮಲ್ ಕೋಶ ನರಕೋಶವಾಗಿ ಬದಲಾಗುವುದೂ ಇಲ್ಲ. ಅದು ಕೆಲಸ ಮಾಡಿದರೆ ಉರಿಯೂತ ತಗ್ಗಿಸುವ, ಉಳಿದ ನರಗಳನ್ನು ಕಾಪಾಡುವ ಸ್ರಾವಗಳ ಮೂಲಕ ಮಾತ್ರ. ಗಾಯ ಹಸಿಯಾಗಿದ್ದಾಗ ಇದಕ್ಕೆ ಅರ್ಥವಿದೆ. ವರ್ಷಗಳು ಕಳೆದು, ಗಾಯದ ಜಾಗದಲ್ಲಿ ದ್ರವ ತುಂಬಿದ ಪೊಳ್ಳು ಉಂಟಾಗಿ, ಸುತ್ತ ಗ್ಲಿಯಾ ಕೋಶಗಳ (ನರಕೋಶಗಳಿಗೆ ಆಸರೆಯಾದ ಕೋಶಗಳು) ಕಲೆ ಗಟ್ಟಿಯಾದ ಮೇಲೆ, ಆ ಕಲೆಯಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಪ್ರೋಟಿಯೋಗ್ಲೈಕಾನ್‌ಗಳು ನರತಂತು ಬೆಳೆಯದಂತೆ ತಡೆಯುತ್ತಿರುವಾಗ, ಸ್ರಾವದಿಂದ ದಾರಿ ತೆರೆಯುತ್ತದೆ ಎಂದು ನಿರೀಕ್ಷಿಸಲು ಕಾರಣವಿಲ್ಲ.

ಟಿ6, ಅಂದರೆ ಎದೆಭಾಗದ ಆರನೇ ಮಟ್ಟ, ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರು ಒಂದು ವಿಷಯ ತಪ್ಪದೆ ತಿಳಿದಿರಬೇಕು. ನೋವು ಗೊತ್ತಾಗದ ಕಡೆ ಸೂಜಿ ಚುಚ್ಚಿದರೂ ರಕ್ತದೊತ್ತಡ ಹಠಾತ್ತಾಗಿ ಏರಬಹುದು, ತಲೆ ಸಿಡಿಯುವ ನೋವು, ಮುಖದಲ್ಲಿ ಬೆವರು, ನಿಧಾನವಾದ ನಾಡಿ ಇದರ ಲಕ್ಷಣ. ಮಜ್ಜೆ ತೆಗೆಯುವಾಗ, ಮೂತ್ರಕೋಶ ತುಂಬಿಕೊಂಡಾಗ ಇದು ಕಾಣಿಸಿಕೊಳ್ಳಬಹುದು. ಕೆಲಸ ಶುರುವಾಗುವ ಮುಂಚೆ ಮೂತ್ರಕೋಶ ಖಾಲಿ ಇರಬೇಕು, ರಕ್ತದೊತ್ತಡದ ಪಟ್ಟಿ ತೋಳಿಗೆ ಕಟ್ಟಿರಬೇಕು. ಇದನ್ನು ಕೇಳಿದಾಗ ಸಿಬ್ಬಂದಿಗೆ ಅರ್ಥವೇ ಆಗದಿದ್ದರೆ ಅಲ್ಲಿಂದ ಹೊರಡಿ.

ಚೇತರಿಕೆಯ ಲೆಕ್ಕ

ಕ್ಲಿನಿಕ್‌ಗಳ ವಿಡಿಯೋಗಳಲ್ಲಿ ಕಾಣುವ ಸುಧಾರಣೆ ಸುಳ್ಳಿರಬೇಕೆಂದಿಲ್ಲ. ಅದಕ್ಕೆ ಕಾರಣ ಯಾವುದು ಎನ್ನುವಲ್ಲೇ ಎಡವಟ್ಟು. ಬೆನ್ನುಹುರಿ ಪೆಟ್ಟನ್ನು ಎ ಯಿಂದ ಇ ವರೆಗೆ ಐದು ದರ್ಜೆಯಲ್ಲಿ ಅಳೆಯುತ್ತಾರೆ. ಗಾಯದ ಕೆಳಗೆ ಸ್ಪರ್ಶವೂ ಚಲನೆಯೂ ಪೂರ್ತಿ ಇಲ್ಲದ 'ಎ' ದರ್ಜೆಯವರಲ್ಲೂ, ಯಾವ ಕೋಶವನ್ನೂ ಕೊಡದೆ, ಮೊದಲ ವರ್ಷದೊಳಗೆ ಸುಮಾರು ಶೇ 20 ಮಂದಿ ಮೇಲಿನ ದರ್ಜೆಗೆ ಬರುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಒಂದಿಷ್ಟು ಚಲನೆಯೂ ಮರಳುತ್ತದೆ. ಕುತ್ತಿಗೆಯ ಪೆಟ್ಟಿನಲ್ಲಿ ಚಲನಾ ಮಟ್ಟ (ಬೆನ್ನುಹುರಿಯಲ್ಲಿ ಎಲ್ಲಿಯವರೆಗೆ ಚಲನೆ ಉಳಿದಿದೆ ಎಂಬ ಗುರುತು) ತಾನಾಗಿ ಒಂದು ಹಂತ ಕೆಳಕ್ಕೆ ಸರಿಯುವುದು, ಅಂದರೆ ಸುಧಾರಿಸುವುದು, ಅಪರೂಪವಲ್ಲ. ಚೇತರಿಕೆಯ ಬಹುಪಾಲು ಮೊದಲ ಆರೇಳು ತಿಂಗಳಲ್ಲಿ ಆಗುತ್ತದೆ, ಆಮೇಲೆ ನಿಧಾನ. ಮೂರನೇ ತಿಂಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಆರನೇ ತಿಂಗಳಲ್ಲಿ ಬೆರಳು ಆಡಿದರೆ, ಹೋಲಿಸಲು ಇನ್ನೊಂದು ಗುಂಪಿಲ್ಲದೆ ಯಾರೂ ಏನೂ ಹೇಳಲಾಗದು. ಅದರ ಜೊತೆಗೆ ದಿನಕ್ಕೆ ನಾಲ್ಕೈದು ಗಂಟೆ ಫಿಸಿಯೋಥೆರಪಿಯೂ ಸೇರಿದರೆ, ಮನೆಯಲ್ಲಿ ಅರ್ಧ ಗಂಟೆ ಮಾತ್ರ ಮಾಡುತ್ತಿದ್ದವರಿಗೆ ಮುಂಡದ ಹಿಡಿತ, ಕೂರುವ ಸಮತೋಲ, ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವ ಶಕ್ತಿ ಎರಡೇ ವಾರದಲ್ಲಿ ಬದಲಾಗುತ್ತದೆ. ಆ ಬದಲಾವಣೆ ನಿಜ, ಬೆಲೆಯುಳ್ಳದ್ದು. ಕೋಶ ಇಲ್ಲದೆಯೂ ಸಿಗುತ್ತದೆ.

ಅಳೆಯುವ ರೀತಿಯನ್ನು ಗಮನಿಸಿ. ಸರಿಯಾದ ಪರೀಕ್ಷೆಯಲ್ಲಿ ಪ್ರತಿ ಬದಿಯ ಹತ್ತು ಸ್ನಾಯುಗಳನ್ನು, ಕೈಗೆ ಸಿ5ರಿಂದ ಟಿ1 ಮಟ್ಟದವು ಮತ್ತು ಕಾಲಿಗೆ ಎಲ್2ರಿಂದ ಎಸ್1 ಮಟ್ಟದವು, ಒಂದೊಂದಕ್ಕೂ 0ಯಿಂದ 5 ಅಂಕ ಕೊಟ್ಟು ನೋಡುತ್ತಾರೆ. ಒಟ್ಟು 100. ಪರೀಕ್ಷಿಸುವವರಿಗೆ ಯಾರಿಗೆ ಕೋಶ ಕೊಟ್ಟಿದೆ ಎಂದು ಗೊತ್ತಿರಬಾರದು. 'ಕಾಲಿನಲ್ಲಿ ಬಿಸಿ ಎನಿಸುತ್ತಿದೆ', 'ಬಿಗಿತ ಕಡಿಮೆಯಾಗಿದೆ' ಎಂಬ ಮಾತುಗಳು ಅಂಕವಲ್ಲ. ಸ್ನಾಯುಬಿಗಿತ ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಬಿಗಿತ ತಗ್ಗಿಸುವ ಬ್ಯಾಕ್ಲೋಫೆನ್ ಔಷಧಿಯ ಪ್ರಮಾಣ ಇವುಗಳೊಂದಿಗೇ ಏರಿಳಿಯುತ್ತದೆ.

ಪ್ರಯೋಗಗಳಲ್ಲಿ ಕಂಡದ್ದು

ಮನುಷ್ಯರ ಭ್ರೂಣ ಸ್ಟೆಮ್ ಸೆಲ್‌ನಿಂದ ತಯಾರಿಸಿದ ಕೋಶವನ್ನು ಬೆನ್ನುಹುರಿಗೆ ಕೊಟ್ಟ ಮೊದಲ ಪ್ರಯೋಗವನ್ನು 2010ರಲ್ಲಿ ಜೆರಾನ್ ಕಂಪನಿ ಶುರುಮಾಡಿತು. ಐವರಿಗೆ 20 ಲಕ್ಷ ಕೋಶ ಕೊಟ್ಟು, 2011ರಲ್ಲಿ ಹಣಕಾಸಿನ ಕಾರಣಕ್ಕೆ ನಿಲ್ಲಿಸಿತು. ಅದೇ ಕೋಶವನ್ನು ಆಸ್ಟೀರಿಯಾಸ್ ಮುಂದುವರಿಸಿ, ಕುತ್ತಿಗೆಗೆ ಪೆಟ್ಟಾದ 25 ಮಂದಿಗೆ 20 ಲಕ್ಷದಿಂದ 2 ಕೋಟಿಯವರೆಗೆ ಕೊಟ್ಟಿತು. ಹೆಚ್ಚಿನವರಲ್ಲಿ ಕನಿಷ್ಠ ಒಂದು ಬದಿಯಲ್ಲಿ ಒಂದು ಚಲನಾ ಮಟ್ಟ ಉತ್ತಮವಾಯಿತು, ಸುಮಾರು ಮೂರನೇ ಒಂದು ಭಾಗದವರಲ್ಲಿ ಎರಡು ಮಟ್ಟ. ಕೇಳಲು ಚೆನ್ನಾಗಿದೆ, ಆದರೆ ಹೋಲಿಕೆಗೆ ಗುಂಪಿರಲಿಲ್ಲ. ಸ್ವಾಭಾವಿಕ ಚೇತರಿಕೆಯ ಅಂಕಿಯನ್ನು ಮೇಲೆ ಹೇಳಿದ್ದೇವೆ.

ಹಳೆಯ ಪೆಟ್ಟಿನವರು ಗಮನಿಸಬೇಕಾದದ್ದು ಸ್ಟೆಮ್‌ಸೆಲ್ಸ್ ಇಂಕ್ ನಡೆಸಿದ ಪ್ರಯೋಗ. ನರ ಸ್ಟೆಮ್ ಸೆಲ್‌ಗಳನ್ನು ನೇರವಾಗಿ ಕುತ್ತಿಗೆಯ ಬೆನ್ನುಹುರಿಗೇ ಚುಚ್ಚಿದರು. ಮೊದಲು ಶಕ್ತಿ ಹೆಚ್ಚಿದಂತೆ ಕಂಡಿತು, ಕಾಲ ಕಳೆದಂತೆ ಲಾಭ ಮುಂದುವರಿಸಲು ತಕ್ಕಷ್ಟು ಉಳಿಯಲಿಲ್ಲ, 2016ರಲ್ಲಿ ನಿಲ್ಲಿಸಿದರು. ಇಷ್ಟು ಕಟ್ಟುನಿಟ್ಟಾಗಿ ತಯಾರಾದ, ಗಾಯದ ಜಾಗಕ್ಕೇ ಇಟ್ಟ ಕೋಶದ ಗತಿಯೇ ಹೀಗಾದರೆ, ಸೊಂಟದಲ್ಲಿ ಬಿಟ್ಟ ಮಜ್ಜೆ ಮಿಶ್ರಣದ ಮೇಲೆ ಎಷ್ಟು ಭರವಸೆ ಇಡಬಹುದು?

ಈಚಿನವುಗಳಲ್ಲಿ ನಮಗೆ ಅತ್ಯಂತ ಆಸೆ ಹುಟ್ಟಿಸಿರುವುದು ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ್ದು. ಐಪಿಎಸ್ ಕೋಶದಿಂದ (ಬಲಿತ ಸಾಮಾನ್ಯ ಕೋಶವನ್ನು ಮರಳಿ ಸ್ಟೆಮ್ ಸೆಲ್ ಆಗಿಸಿದ್ದು) ತಯಾರಿಸಿದ 20 ಲಕ್ಷ ನರ ಪೂರ್ವಕೋಶಗಳನ್ನು, ಪೆಟ್ಟಾಗಿ ಎರಡರಿಂದ ನಾಲ್ಕು ವಾರದೊಳಗೆ, 'ಎ' ದರ್ಜೆಯ ನಾಲ್ವರಿಗೆ ಗಾಯದ ಜಾಗಕ್ಕೇ ಇಟ್ಟರು. 2025ರಲ್ಲಿ ಪ್ರಕಟಿಸಿದಂತೆ ಇಬ್ಬರಲ್ಲಿ ಚಲನೆ ಸುಧಾರಿಸಿತು, ಒಬ್ಬರು ಆಧಾರವಿಲ್ಲದೆ ನಿಲ್ಲುವಷ್ಟು. ಇನ್ನಿಬ್ಬರಲ್ಲಿ ಅಂಥ ಬದಲಾವಣೆ ಇಲ್ಲ. ಗಂಭೀರ ಅಡ್ಡಪರಿಣಾಮ ವರದಿಯಾಗಲಿಲ್ಲ. ನಾಲ್ಕೇ ಮಂದಿ, ಹೊಸ ಗಾಯ, ಹೋಲಿಕೆ ಗುಂಪಿಲ್ಲ: ಮೂರನ್ನೂ ನೆನಪಿಟ್ಟು ಓದಬೇಕು.

ಮೇಯೊ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ರೋಗಿಯದೇ ಕೊಬ್ಬಿನಿಂದ ಬೆಳೆಸಿದ ಕೋಶ, ಹತ್ತು ಮಂದಿ, ಏಳು ಮಂದಿಯಲ್ಲಿ ದರ್ಜೆ ಏರಿತು, ಮೂವರಲ್ಲಿ ಇಲ್ಲ. ಇದು ಸುರಕ್ಷತೆ ನೋಡಲು ನಡೆಸಿದ ಒಂದನೇ ಹಂತ. ಜಪಾನ್ 2018ರಲ್ಲಿ ಸ್ಟೆಮಿರ್ಯಾಕ್ ಎಂಬ ಉತ್ಪನ್ನಕ್ಕೆ ಏಳು ವರ್ಷದ ಷರತ್ತುಬದ್ಧ ಅನುಮತಿ ಕೊಟ್ಟದ್ದು 13 ಮಂದಿಯ, ಹೋಲಿಕೆ ಗುಂಪಿಲ್ಲದ ಅಧ್ಯಯನದ ಮೇಲೆ. ಅದನ್ನು ಹಲವು ವಿಜ್ಞಾನಿಗಳು ಬಹಿರಂಗವಾಗಿ ಟೀಕಿಸಿದರು, ನಮ್ಮ ಮತವೂ ಅವರ ಕಡೆಗೇ. ಒಂದು ದೇಶದಲ್ಲಿ ಅನುಮತಿ ಸಿಕ್ಕಿದೆ ಎಂಬುದು ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮಿದುಳಿನ ವಿಷಯದಲ್ಲಿ ಕಾಯಿಲೆಯಿಂದ ಕಾಯಿಲೆಗೆ ಚಿತ್ರ ಬದಲಾಗುತ್ತದೆ. ಹಳೆಯ ಲಕ್ವದಲ್ಲಿ, ದಾನಿಯ ಮಜ್ಜೆಯಿಂದ ತಯಾರಿಸಿದ ಎಸ್‌ಬಿ623 ಎಂಬ ಕೋಶವನ್ನು ಮಿದುಳಿಗೆ ಇಟ್ಟ 18 ಮಂದಿಯ ವರದಿ 2016ರಲ್ಲಿ ಬಂದಾಗ ಭಾರಿ ಸುದ್ದಿಯಾಯಿತು. ಹುಸಿ ಶಸ್ತ್ರಚಿಕಿತ್ಸೆಯ ಗುಂಪಿನೊಂದಿಗೆ ಹೋಲಿಸಿದ ದೊಡ್ಡ ಪ್ರಯೋಗ 2019ರಲ್ಲಿ ಸೋತಿತು. ಅದೇ ಕೋಶ ತಲೆಪೆಟ್ಟಿನವರಲ್ಲಿ, 61 ಮಂದಿಯ ಪ್ರಯೋಗದಲ್ಲಿ, ಚಲನೆಯ ಅಂಕದಲ್ಲಿ ಮೇಲುಗೈ ತೋರಿತು, 2024ರಲ್ಲಿ ಜಪಾನಿನಲ್ಲಿ ಷರತ್ತುಬದ್ಧ ಅನುಮತಿ ಪಡೆಯಿತು. ಸೆರೆಬ್ರಲ್ ಪಾಲ್ಸಿಗೆ ಡ್ಯೂಕ್ ವಿಶ್ವವಿದ್ಯಾಲಯ 63 ಮಕ್ಕಳಿಗೆ ಅವರದೇ ಹೊಕ್ಕುಳಬಳ್ಳಿ ರಕ್ತ ಕೊಟ್ಟು ನೋಡಿತು. ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಇರಲಿಲ್ಲ, ಪ್ರತಿ ಕಿಲೋಗೆ 2 ಕೋಟಿ ಕೋಶವೋ ಹೆಚ್ಚೋ ಸಿಕ್ಕ ಮಕ್ಕಳಲ್ಲಿ ಸ್ವಲ್ಪ ಲಾಭ ಕಂಡಿತು. ಆಟಿಸಂಗೆ ಅದೇ ಸಂಸ್ಥೆ 180 ಮಕ್ಕಳಲ್ಲಿ ನಡೆಸಿದ ಪ್ರಯೋಗ 2020ರಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಆಟಿಸಂಗೆಂದು ಮಗುವಿನ ಬೆನ್ನಿಗೆ ಸೂಜಿ ಚುಚ್ಚಿಸುವುದನ್ನು ನಾವು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ನರಕೋಶವನ್ನೇ ಬದಲಿಸುವ ಕಲ್ಪನೆಗೆ ಗಟ್ಟಿ ನೆಲ ಸಿಕ್ಕಿರುವುದು ಪಾರ್ಕಿನ್ಸನ್ ಕಾಯಿಲೆಯಲ್ಲಿ, ಏಕೆಂದರೆ ಅಲ್ಲಿ ಮುಖ್ಯವಾಗಿ ಸಾಯುವುದು ಒಂದು ಬಗೆಯ ಕೋಶ, ಡೋಪಮಿನ್ ತಯಾರಿಸುವುದು. 2025ರ ಏಪ್ರಿಲ್‌ನಲ್ಲಿ ಎರಡು ವರದಿ ಒಟ್ಟಿಗೇ ಬಂದವು: ಬ್ಲೂರಾಕ್ ಕಂಪನಿಯ 12 ಮಂದಿ, ಕ್ಯೋಟೊದ 7 ಮಂದಿ. ಕಸಿಮಾಡಿದ ಕೋಶ ಬದುಕಿ ಡೋಪಮಿನ್ ತಯಾರಿಸುತ್ತಿರುವುದು ಪೆಟ್ ಸ್ಕ್ಯಾನಿನಲ್ಲಿ ಕಂಡಿತು, ಗಡ್ಡೆ ಕಾಣಲಿಲ್ಲ. ರೋಗನಿರೋಧಕ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಬಳಸುವ ರಕ್ತ ಸ್ಟೆಮ್ ಸೆಲ್ ಕಸಿ ಬೇರೆಯೇ ಜಾತಿ. ಅದು ನರವನ್ನು ದುರಸ್ತಿ ಮಾಡುವುದಿಲ್ಲ, ಕೀಮೋಥೆರಪಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ ಮರಳಿ ಕಟ್ಟುತ್ತದೆ. ಮತ್ತೆಮತ್ತೆ ಮರುಕಳಿಸುವ ಬಗೆಯಲ್ಲಿ ಅದಕ್ಕೆ 2019ರ 110 ಮಂದಿಯ ಪ್ರಯೋಗದ ಬಲವಿದೆ. ಈ ಫಲಿತಾಂಶವನ್ನು ಬೆನ್ನುಹುರಿ ಪೆಟ್ಟಿಗೆ ಎಳೆದು ತಂದು ತೋರಿಸುವವರಿದ್ದಾರೆ. ನಂಬಬೇಡಿ.

ಆಗುವ ಕೆಡುಕು

ಚುಚ್ಚಿದ ಮೇಲೆ ತಲೆನೋವು, ಬೆನ್ನುನೋವು, ಒಂದೆರಡು ದಿನ ಜ್ವರ ಸಾಮಾನ್ಯ. ಕೂತಾಗ ಹೆಚ್ಚಿ ಮಲಗಿದಾಗ ಇಳಿಯುವ ತಲೆನೋವು ದ್ರವ ಸೋರಿಕೆಯದು. ಕುತ್ತಿಗೆ ಬಿಗಿತದೊಂದಿಗೆ ಜ್ವರ ಬಂದರೆ ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಎಂದೇ ತಿಳಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ವರ್ಷಗಳ ನಂತರ ಕಾಣಿಸಿಕೊಳ್ಳುವವು. ಭ್ರೂಣದ ನರಕೋಶಗಳನ್ನು ಮಿದುಳಿಗೆ ಪಡೆದ ಹುಡುಗನೊಬ್ಬನಲ್ಲಿ ನಾಲ್ಕು ವರ್ಷದ ಬಳಿಕ ದಾನಿಯ ಕೋಶಗಳಿಂದಲೇ ಹುಟ್ಟಿದ ಗಡ್ಡೆಗಳು 2009ರಲ್ಲಿ ವರದಿಯಾದವು. ಮೂಗಿನ ಒಳಪೊರೆಯನ್ನು ಬೆನ್ನುಹುರಿಗೆ ಕಸಿ ಮಾಡಿಸಿಕೊಂಡ ಯುವತಿಗೆ ಎಂಟು ವರ್ಷದ ನಂತರ ಲೋಳೆ ಸ್ರವಿಸುವ ಗಡ್ಡೆ ಬೆಳೆದದ್ದು 2014ರಲ್ಲಿ ಪ್ರಕಟವಾಯಿತು. ಲಕ್ವಕ್ಕೆಂದು ಬೇರೆಬೇರೆ ದೇಶಗಳಲ್ಲಿ ಬೆನ್ನುದ್ರವಕ್ಕೆ ಕೋಶ ಪಡೆದ ಒಬ್ಬರಲ್ಲಿ ಬೆನ್ನುಹುರಿಯ ಸುತ್ತ ಬೇರೊಬ್ಬರ ಕೋಶಗಳ ಗಡ್ಡೆ ಹಬ್ಬಿದ್ದು 2016ರ ವರದಿ. ಮೊದಲೇ ನಿಂತುಹೋದ ಕಾಲುಗಳಿಗೆ ಇನ್ನೇನಾದೀತು ಎಂದುಕೊಳ್ಳುವವರು ಉಳಿದಿರುವ ಕೈಬಲ, ಉಸಿರಾಟ, ಮೂತ್ರದ ಹಿಡಿತವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಸೇರುವ ಮುನ್ನ ನೋಡಬೇಕಾದ್ದು

ಪ್ರಯೋಗ ಎಂದು ಹೇಳಿದರೆ ನೋಂದಣಿ ಸಂಖ್ಯೆ ಕೇಳಿ. ಅಮೆರಿಕದ ನೋಂದಣಿಯಲ್ಲಿ ಎನ್‌ಸಿಟಿ ನಂತರ ಎಂಟು ಅಂಕಿ ಇರುತ್ತದೆ. ಸಂಖ್ಯೆ ಇದ್ದ ಮಾತ್ರಕ್ಕೆ ಸಾಲದು, ಹಣ ಕೊಟ್ಟು ಸೇರುವ 'ಅಧ್ಯಯನ'ಗಳೂ ಅಲ್ಲಿ ಪಟ್ಟಿಯಾಗಿವೆ. ಪುಟ ತೆರೆದು ಹೋಲಿಕೆ ಗುಂಪು, ಮುಖ್ಯ ಗುರಿ, ಎಷ್ಟು ವರ್ಷ ಹಿಂಬಾಲಿಸುತ್ತಾರೆ ಎಂಬುದನ್ನು ಓದಿ. ಕೋಶಕ್ಕೆ ರೋಗಿಯೇ ಹಣ ಕೊಡಬೇಕೆಂದರೆ, ಒಂದೇ ದ್ರವ ಪಾರ್ಕಿನ್ಸನ್, ಆಟಿಸಂ, ಮಂಡಿನೋವು ಎಲ್ಲಕ್ಕೂ ಎಂದರೆ, ಮಾತು ಅಲ್ಲಿಗೆ ಮುಗಿಸಿ. ಹೆಚ್ಚಿನವರಿಗೆ ಯಾರೂ ಹೇಳದ ಸಂಗತಿಯೂ ಒಂದಿದೆ: ಹಿಂದೆ ಎಲ್ಲಾದರೂ ಕೋಶ ಚಿಕಿತ್ಸೆ ಪಡೆದವರನ್ನು ಬಹಳಷ್ಟು ಪ್ರಯೋಗಗಳು ಸೇರಿಸಿಕೊಳ್ಳುವುದಿಲ್ಲ. ಇಂದು ಕೊಂಡ ಪ್ಯಾಕೇಜು ನಾಳೆಯ ಒಳ್ಳೆಯ ಪ್ರಯೋಗದ ಬಾಗಿಲು ಮುಚ್ಚಬಹುದು.

ಪೆಟ್ಟಾಗಿ ವರ್ಷ ಮೀರಿದವರು, ಕೈಯಲ್ಲಿ ಒಂದಿಷ್ಟಾದರೂ ಚಲನೆ ಉಳಿದಿರುವವರು, ಚರ್ಮದ ಮೇಲಿಂದಲೇ ಕುತ್ತಿಗೆಯ ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ಕೊಡುವ ಎಆರ್‌ಸಿ-ಇಎಕ್ಸ್ ಸಾಧನದ ಬಗ್ಗೆ ಮೊದಲು ವಿಚಾರಿಸುವುದು ಒಳ್ಳೆಯದು. ಪುನಶ್ಚೇತನದ ಜೊತೆ ಬಳಸಿದ 60 ಮಂದಿಯಲ್ಲಿ ಶೇ 72 ಮಂದಿಗೆ ಬಲವೂ ಕೈಕೆಲಸವೂ ಸುಧಾರಿಸಿದವು, ಅಮೆರಿಕದ ಔಷಧಿ, ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಅನುಮತಿಸಿತು. ಅಲ್ಲಿ ಕೂಡ ಹೋಲಿಕೆ ಗುಂಪಿರಲಿಲ್ಲ, ಆದರೆ ಚೇತರಿಕೆ ನಿಂತುಹೋಗಿದ್ದ ಹಳೆಯ ಪೆಟ್ಟುಗಳವು, ಸೂಜಿಯೂ ಇಲ್ಲ.

ಈಗಾಗಲೇ ಕೋಶ ಪಡೆದವರು ಬ್ಯಾಚು ಸಂಖ್ಯೆ, ಕೋಶದ ಮೂಲ, ಕೊಟ್ಟ ಪ್ರಮಾಣ, ಕೊಟ್ಟ ದಿನಾಂಕ ಇರುವ ದಾಖಲೆಯನ್ನು ಬರವಣಿಗೆಯಲ್ಲಿ ಪಡೆದು ಜೋಪಾನ ಮಾಡಿ. ಬೆನ್ನುದ್ರವಕ್ಕೆ ಅಥವಾ ಬೆನ್ನುಹುರಿಗೆ ಪಡೆದಿದ್ದರೆ ನಿಮ್ಮ ನರತಜ್ಞರಿಗೆ ತಿಳಿಸಿ, ಎಷ್ಟು ಕಾಲಕ್ಕೊಮ್ಮೆ ಎಂಆರ್‌ಐ ಮಾಡಿಸಬೇಕೆಂದು ಅವರೊಂದಿಗೆ ನಿರ್ಧರಿಸಿ. ಹೊಸದಾಗಿ ಬೆನ್ನುನೋವು, ಇದ್ದ ಬಲ ಇಳಿಯುವುದು, ಮೂತ್ರದ ಹಿಡಿತ ಬದಲಾಗುವುದು ಕಂಡರೆ, ಚಿಕಿತ್ಸೆಯಾಗಿ ಹತ್ತು ವರ್ಷ ಕಳೆದಿದ್ದರೂ, ಮುಂದಿನ ಸ್ಕ್ಯಾನಿನವರೆಗೆ ಕಾಯದೆ ಅಂದೇ ತೋರಿಸಿ.